ದಿನಕ್ಕೆ ನಾಲ್ಕು ಕಿಲೋಮೀಟರ್ ಸೇಡು

ಸೇಡು ತೀರಿಸಿಕೊಳ್ಳಲು ಅವಳಿಗೆ ದಿನಕ್ಕೆ ನಾಲ್ಕು ಕಿಲೋಮೀಟರ್ ಸುತ್ತು ಬೀಳುತ್ತಿತ್ತು. ಮನೆಯಿಂದ ಟ್ಯಾಕ್ಸಿ ಸ್ಟ್ಯಾಂಡಿಗೆ ನೆಟ್ಟಗೆ ಅಗಲವಾದ ರಸ್ತೆ ಇತ್ತು, ಇದ್ದದ್ದು ಒಂದೇ ಸಿಗ್ನಲ್. ಅದನ್ನು ಬಿಟ್ಟು ಅವಳು ಗ್ಯಾರೇಜುಗಳ ಇಕ್ಕಟ್ಟು ಬೀದಿಗೆ ನುಗ್ಗುತ್ತಿದ್ದಳು. ಬಲಗಡೆಯ ಮೂರನೆಯ ಗ್ಯಾರೇಜಿನ ಮುಂದೆ ತನ್ನ ಬಿಳಿ ಎಲೆಕ್ಟ್ರಿಕ್ ಟ್ಯಾಕ್ಸಿಯ ವೇಗ ತಗ್ಗಿಸಿ, ಕಿಟಕಿ ಇಳಿಸಿ, ರಾಣಿಯ ಹಾಗೆ ಕತ್ತು ನೆಟ್ಟಗೆ ಮಾಡಿಕೊಂಡು ಹಾದುಹೋಗುತ್ತಿದ್ದಳು. ಎರಡು ವರ್ಷದಿಂದ ಒಂದು ದಿನವೂ ತಪ್ಪಿಸಿರಲಿಲ್ಲ.

ಆ ಗ್ಯಾರೇಜಿನವನು ಎರಡು ವರ್ಷದಲ್ಲಿ ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ.

ಯಾವುದೋ ಕಾರಿನ ಕೆಳಗಿಂದ ಅವನ ಕಾಲು ಕಾಣುತ್ತಿತ್ತು, ಇಲ್ಲದಿದ್ದರೆ ಬಾನೆಟ್ಟಿನೊಳಗೆ ಬಗ್ಗಿದ ಬೆನ್ನು. “ನೋಡು, ಹೇಗೆ ನಾಟಕ ಆಡ್ತಾನೆ” ಎಂದು ಅವಳು ಸ್ಟೀರಿಂಗಿಗೆ ಹೇಳಿ ಹಲ್ಲು ಕಡಿಯುತ್ತಿದ್ದಳು. ಒಂದು ಹಾರ್ನ್ ಹೊಡೆಯಬಹುದಿತ್ತು. ಆದರೆ ಅವನಿಗೋಸ್ಕರ ಹಾರ್ನ್ ಹೊಡೆಯುವುದೂ ಒಂದೇ, ಕಾಲಿಗೆ ಬೀಳುವುದೂ ಒಂದೇ ಎಂಬುದು ಅವಳ ಹಟ.

ಅವಳ ಅಮ್ಮ ಒಮ್ಮೆ ಕೇಳಿದ್ದಳು. “ಅಷ್ಟು ಕೋಪ ಇದ್ರೆ ಆ ಬೀದಿಗೆ ಯಾಕೆ ಹೋಗ್ತೀಯೆ?”

“ಅವನಿಗೆ ಉರೀಲಿ ಅಂತ.”

“ಯಾರಿಗೆ ಉರೀತಿದೆ ಅಂತ ಸ್ವಲ್ಪ ಮುಟ್ಟಿ ನೋಡ್ಕೊ.”

ಎರಡು ವರ್ಷದ ಹಿಂದೆ ಆ ಮೆಕ್ಯಾನಿಕ್ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಆಗ ಅವಳು ಓಡಿಸುತ್ತಿದ್ದದ್ದು ಅಪ್ಪನ ಹಳೇ ಡೀಸೆಲ್ ಟ್ಯಾಕ್ಸಿ. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಸ್ಟೀರಿಂಗ್ ಮಗಳ ಕೈಗೆ ಬಂದಿತ್ತು. ಆ ಗಾಡಿಗೆ ಹದಿನೈದು ದಿನಕ್ಕೊಂದು ಕಾಯಿಲೆ, ಅವಳಿಗೆ ಹದಿನೈದು ದಿನಕ್ಕೊಂದು ನೆಪ. ಅವನು ಯಾರದೋ ಕಾರಿನ ಕೆಳಗೆ ಮಲಗಿದ್ದವನು, ಗಾಡಿ ಬೀದಿಯ ಮೂಲೆ ತಿರುಗುವಾಗಲೇ ಅಲ್ಲಿಂದಲೇ ಕೂಗುತ್ತಿದ್ದ. “ಬಾ ಬಾ, ಕ್ಲಚ್ಚು ಅಳ್ತಾ ಇದೆ, ಕೇಳಿಸ್ತು.” ಮುಖಕ್ಕೆ ಗ್ರೀಸ್ ಬಳಿದುಕೊಂಡೇ ಹೊರಗೆ ಬಂದು, ಗಾಡಿಯನ್ನು ಬಿಟ್ಟು ಮೊದಲು ಅವಳನ್ನು ನೋಡುತ್ತಿದ್ದ. ಆ ನೋಟಕ್ಕೆ ಅವಳ ಕಿವಿ ಬಿಸಿಯಾಗುತ್ತಿತ್ತು.

ಕೆಟ್ಟದ್ದು ಒಂದೇ ಒಂದು ಮಾತಿನಿಂದ. ರಿಪೇರಿಗೆ ಸುರಿದು ಸಾಕಾಗಿ ಅವಳು ಎಲೆಕ್ಟ್ರಿಕ್ ಕಾರು ಬುಕ್ ಮಾಡುತ್ತೇನೆಂದು ಸ್ಟ್ಯಾಂಡಿನಲ್ಲಿ ಹೇಳುತ್ತಿದ್ದ ದಿನ, ಯಾರದೋ ಗಾಡಿ ಒಪ್ಪಿಸಲು ಬಂದಿದ್ದ ಅವನು ಹತ್ತು ಜನ ಡ್ರೈವರುಗಳ ಮುಂದೆ ನಕ್ಕುಬಿಟ್ಟ. “ಬ್ಯಾಟರಿ ಬೊಂಬೆ ಕಣೇ ಅದು. ಆರು ತಿಂಗಳು ತಡಿ, ಇದೇ ಸ್ಟ್ಯಾಂಡಿನ ಮುಂದೆ ನಾನೇ ತಳ್ಕೊಂಡು ಹೋಗಬೇಕಾಗುತ್ತೆ.”

ಹತ್ತು ಜನವೂ ನಕ್ಕರು. ಅಂದಿನಿಂದ ಸ್ಟ್ಯಾಂಡಿನಲ್ಲಿ ಅವಳ ಹೆಸರು ‘ಬ್ಯಾಟರಿ’ ಎಂದಾಯಿತು. ಅವಳು ಮಾರನೆಯ ದಿನವೇ ನಿಶ್ಚಿತಾರ್ಥದ ಉಂಗುರವನ್ನು ಒಂದು ಖಾಲಿ ಆಯಿಲ್ ಫಿಲ್ಟರ್ ಡಬ್ಬಿಗೆ ಹಾಕಿ ವಾಪಸ್ ಕಳಿಸಿದಳು. ಅವನು ಮೂರು ಸಲ ಮನೆಗೆ ಬಂದ. ಮೂರು ಸಲವೂ ಅವನ ಮುಖದ ಮೇಲೆ ಬಾಗಿಲು ಹಾಕಿದಳು. ನಾಲ್ಕನೆಯ ಸಲ ಅವನು ಬರಲಿಲ್ಲ, ಅದಕ್ಕೂ ಅವಳಿಗೆ ಕೋಪ ಬಂತು.

ಆಮೇಲೆ ಅವಳು ಕೈ ತೊಳೆದುಕೊಂಡು ಅವನ ಗ್ಯಾರೇಜಿನ ಹಿಂದೆ ಬಿದ್ದಳು. ಹೊಸ ಗಾಡಿ ಬಂದ ತಿಂಗಳಿಂದಲೇ ಸ್ಟ್ಯಾಂಡಿನಲ್ಲಿ ಅವಳ ಪಾಠ ಶುರುವಾಯಿತು. ಎಲ್ಲರೂ ದೊಡ್ಡಪ್ಪ ಎಂದು ಕರೆಯುವ ಹಿರಿಯ ಡ್ರೈವರೇ ಅವಳ ಮೊದಲ ಬೇಟೆ.

“ದೊಡ್ಡಪ್ಪ, ನೀವು ಡೀಸೆಲ್‌ಗೆ ಐದು ರೂಪಾಯಿ ಸುರಿಯೋ ಕಡೆ ನಾನು ಕರೆಂಟಿಗೆ ಒಂದು ಕೊಡ್ತೀನಿ, ಮನೇಲಿ ಚಾರ್ಜ್ ಮಾಡಿದ್ರೆ. ಆಯಿಲ್ ಇಲ್ಲ, ಫಿಲ್ಟರ್ ಇಲ್ಲ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ. ಆಕ್ಸಿಲರೇಟರಿಂದ ಕಾಲು ಎತ್ತಿದ್ರೆ ಗಾಡಿನೇ ನಿಧಾನ ಆಗುತ್ತೆ, ಬ್ರೇಕೂ ಸವೆಯಲ್ಲ. ಮೆಕ್ಯಾನಿಕ್ ಮುಖ ನೋಡೋ ಹಾಗೇ ಇಲ್ಲ.”

ಕೊನೆಯ ಮಾತನ್ನು ಅವಳು ಚಪ್ಪರಿಸಿಕೊಂಡು ಹೇಳುತ್ತಿದ್ದಳು. ಕಂತು ದೊಡ್ಡದು, ಇನ್ಶೂರೆನ್ಸ್ ಜಾಸ್ತಿ, ಹೊರಗಿನ ಫಾಸ್ಟ್ ಚಾರ್ಜಿಂಗ್ ದುಬಾರಿ, ಅಲ್ಲಿ ಸಾಲಿನಲ್ಲಿ ಕಾದಷ್ಟು ಹೊತ್ತು ಬಾಡಿಗೆ ಇಲ್ಲ ಎಂಬುದನ್ನೂ ಹೇಳುತ್ತಿದ್ದಳು, ಆದರೆ ಸ್ವಲ್ಪ ಮೆಲ್ಲಗೆ. ಒಂದು ವಿಷಯವನ್ನು ಮಾತ್ರ ಪೂರ್ತಿ ನುಂಗಿಕೊಂಡಿದ್ದಳು. ಅಂತೂ ಎರಡು ವರ್ಷದಲ್ಲಿ ಒಂಬತ್ತು ಜನ ಡೀಸೆಲ್ ಗಾಡಿ ಮಾರಿದರು. ಒಂಬತ್ತೂ ಅವನ ಗಿರಾಕಿಗಳು. ಸ್ಟ್ಯಾಂಡಿಗೆ ಒಂದೊಂದು ಹೊಸ ಗಾಡಿ ಬಂದಾಗಲೂ ಅವಳಿಗೆ ಹಾಲು ಕುಡಿದಷ್ಟು ಸಂತೋಷ.

ಹೀಗಿರುವಾಗ ಒಂದು ಮಧ್ಯಾಹ್ನ ಮುಂದಿನ ಬಲಗಡೆಯ ಟೈರು ಕೈಕೊಟ್ಟಿತು. ಕೊಟ್ಟದ್ದಾದರೂ ಎಲ್ಲಿ? ಮೂರನೆಯ ಗ್ಯಾರೇಜಿನ ಬಾಗಿಲಲ್ಲೇ. ಆ ಗಾಡಿಗೆ ಸ್ಟೆಪ್ನಿಯೂ ಇರಲಿಲ್ಲ. ರಿಮ್ಮು ರಸ್ತೆಗೆ ತಾಗಿ ಕಿರ್ ಎಂದ ಸದ್ದಿಗೆ ಕಾರಿನ ಕೆಳಗಿನ ಎರಡು ಕಾಲು ಅಲುಗಾಡಿದವು, ಅವನು ಹೊರಗೆ ಬಂದ.

ಮೊದಲು ಟೈರು ನೋಡಿದ. ಆಮೇಲೆ ಅವಳನ್ನು ನೋಡಿದ. ಆಮೇಲೆ ಬಟ್ಟೆಯಲ್ಲಿ ಕೈ ಒರೆಸತೊಡಗಿದವನು ಒರೆಸುತ್ತಲೇ ನಿಂತ.

“ಟೈರ್ ಕೆಲಸ ಬರುತ್ತಾ? ಇಲ್ಲ, ಡೀಸೆಲ್ ಒಂದೇನಾ?” ಎಂದಳು ಅವಳು, ಇಳಿಯದೆಯೇ.

“ಬರುತ್ತೆ. ನಿನ್ನ ಪುಣ್ಯದಿಂದ ಕಲಿತೆ.”

ಅವಳು ಇಳಿದು ಒಳಗೆ ಹೋಗಿ ನೋಡಿದರೆ ಗ್ಯಾರೇಜು ಗುರುತೇ ಸಿಗುವಂತಿರಲಿಲ್ಲ. ಆಯಿಲ್ ಡ್ರಮ್ಮುಗಳಿದ್ದ ಜಾಗದಲ್ಲಿ ಟೈರಿನ ಮೆಷಿನ್ ಇತ್ತು. ಡಬ್ಬಿಗಳಿಂದ ತುಂಬಿರುತ್ತಿದ್ದ ಕಪಾಟು ಖಾಲಿಯಾಗಿ, ಮೇಲಿನ ಹಲಗೆಯಲ್ಲಿ ಒಂದೇ ಒಂದು ಫಿಲ್ಟರ್ ಡಬ್ಬಿ ಉಳಿದಿತ್ತು. ಅದನ್ನು ಅವಳು ನೋಡಿಯೂ ನೋಡದವಳಂತೆ ಮುಖ ತಿರುಗಿಸಿದಳು.

“ಮೊದಲನೇ ವರ್ಷ ಇಬ್ಬರು ಕೆಲಸದವರನ್ನ ಬಿಡಿಸಬೇಕಾಯ್ತು” ಎಂದ ಅವನು, ಜಾಕ್ ಏರಿಸುತ್ತ. “ಈಗ ಪರವಾಗಿಲ್ಲ. ನಿನ್ನ ಒಂಬತ್ತು ಜನದಲ್ಲಿ ಆರು ಜನ ಟೈರಿಗೆ ಇಲ್ಲಿಗೇ ಬರ್ತಾರೆ. ತೂಕದ ಗಾಡಿ, ಒತ್ತಿದ ತಕ್ಷಣ ಎಗರುತ್ತೆ, ಟೈರ್ ಬೇಗ ತಿನ್ನುತ್ತೆ. ಅದೊಂದು ನೀನು ಅವರಿಗೆ ಹೇಳಿರಲಿಲ್ವಂತೆ.”

ಇಬ್ಬರು ಕೆಲಸದವರನ್ನು ಬಿಡಿಸಿದ ಎಂಬ ಸುದ್ದಿಗಾಗಿಯೇ ಅವಳು ಎರಡು ವರ್ಷ ಕಾದಿದ್ದಳು. ಈಗ ಅದು ಕಿವಿಗೆ ಬಿದ್ದಾಗ ಬಾಯಿ ಕಹಿಯಾಯಿತು.

ಅವನು ಟೈರನ್ನು ಕಾಲ ಮೇಲಿಟ್ಟುಕೊಂಡು ಇಕ್ಕಳದಿಂದ ಏನನ್ನೋ ಕಿತ್ತ. ಕಬ್ಬಿಣದ ಪುಟ್ಟ ಸುರುಳಿ. ಇನ್ನೊಂದು ಕಿತ್ತ, ಮತ್ತೊಂದು ಕಿತ್ತ. ಒಂದೊಂದನ್ನೇ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಹನ್ನೊಂದಾದವು. ಅವನ ಕೈ ನಿಂತಿತು.

“ಇದು ಲೇತ್ ಮೆಷಿನ್ನಲ್ಲಿ ಕಬ್ಬಿಣ ಕಡೆಯೋವಾಗ ಉದುರೋ ಚೂರು” ಎಂದ ಮೆಲ್ಲಗೆ. “ಪಕ್ಕದ ಲೇತ್ ಅಂಗಡಿಯವನು ನನ್ನ ಬಾಗಿಲ ಮುಂದೇನೇ ಗುಡಿಸಿ ಹಾಕ್ತಾನೆ. ಇದು ನೋಡು, ತುಕ್ಕು ಹಿಡಿದಿದೆ, ತಿಂಗಳುಗಟ್ಟಲೆ ಹಳೇದು. ಇದು ನಿನ್ನೆಯದು, ಇನ್ನೂ ಹೊಳೀತಿದೆ. ನೀನು ದಿನಾ ಬರ್ತಿದ್ದೀಯಾ?”

ಅವಳಿಗೆ ಸುಳ್ಳು ಹೊಳೆಯಲಿಲ್ಲ. “ಬರ್ತೀನಿ. ನಿನ್ನ ಹೊಟ್ಟೆ ಉರಿಸೋಕೆ. ಎರಡು ವರ್ಷದಿಂದ ದಿನಾ ಬರ್ತೀನಿ. ನೀನು ಒಂದು ದಿನಾನೂ ತಲೆ ಎತ್ತಲಿಲ್ಲ.”

ಅವನು ಟೈರನ್ನು ಕೆಳಗಿಟ್ಟ.

“ಕೇಳಿಸಲಿಲ್ಲ ಕಣೇ.”

“ಏನು?”

“ನಿನ್ನ ಗಾಡಿ ಸದ್ದೇ ಮಾಡಲ್ಲ. ಕಾರಿನ ಕೆಳಗೆ ಮಲಗಿದವನಿಗೆ ಹೇಗೆ ಗೊತ್ತಾಗಬೇಕು? ನಿನ್ನ ಹಳೇ ಗಾಡಿ ಕೊಂಡವನು ಒಂದು ಸಲ ಈ ಬೀದಿಗೆ ಬಂದಿದ್ದ. ಆ ಸದ್ದು ಕೇಳಿದ್ದೇ ತಡ, ನೀನೇ ಬಂದೆ ಅಂತ ಮಲಗಿದ್ದಲ್ಲಿಂದ ಎದ್ದೆ.” ಅವನು ಹಣೆಯ ಮೇಲಿನ ಕೂದಲು ಸರಿಸಿದ. ಅಲ್ಲಿ ಎರಡು ಹೊಲಿಗೆಯ ಗುರುತಿತ್ತು. “ಕಾರು ಮೇಲಿದೆ ಅನ್ನೋದೇ ಮರೆತುಹೋಗಿತ್ತು.”

ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ತಡೆದುಕೊಂಡಳು.

“ಮತ್ತೆ ಅವತ್ತು ಹತ್ತು ಜನರ ಮುಂದೆ ಯಾಕೆ ಹಾಗಂದೆ?”

“ಹೆದರಿದೆ. ಹದಿನೈದು ದಿನಕ್ಕೊಂದು ಸಲ ಆ ಡಕೋಟಾ ಗಾಡಿ ನಿನ್ನ ಇಲ್ಲಿಗೆ ಕರ್ಕೊಂಡು ಬರ್ತಿತ್ತು. ಹೊಸದು ಬಂದ್ರೆ ಗಾಡಿಗೂ ನಾನು ಬೇಡ, ನಿನಗೂ ಬೇಡ ಅನ್ನಿಸ್ತು. ಹೇಳೋಕೆ ನಾಚಿಕೆ ಆಯ್ತು, ನಕ್ಕುಬಿಟ್ಟೆ. ತಪ್ಪಾಯ್ತು.”

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕರಗಿ ನೀರಾಗುತ್ತಿದ್ದರು. ಅವಳೂ ಕರಗಿದಳು, ಆದರೆ ಎರಡು ವರ್ಷ ಸಾಕಿದ ಸೇಡು ಒಂದು ‘ತಪ್ಪಾಯ್ತು’ಗೆ ಮನೆ ಬಿಟ್ಟು ಹೋಗುವಂಥದ್ದಲ್ಲ.

“ಹತ್ತು ಜನರ ಮುಂದೆ ಆಡಿದ ಮಾತನ್ನ ಗ್ಯಾರೇಜಿನ ಮೂಲೇಲಿ ವಾಪಸ್ ತಗೊಳ್ಳೋಕಾಗಲ್ಲ. ನಾಳೆ ಮಧ್ಯಾಹ್ನ ಒಂದು ಗಂಟೆಗೆ ಸ್ಟ್ಯಾಂಡಿಗೆ ಬಾ” ಎಂದಳು.

ಮರುದಿನ ಒಂದು ಗಂಟೆಗೆ ಊಟ ಮುಗಿಸಿ ಕುಳಿತಿದ್ದ ಡ್ರೈವರುಗಳ ಎದುರಿಗೆ ಅವಳು ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿದಳು. ಅವನು ಒಗೆದ ಶರ್ಟು ಹಾಕಿಕೊಂಡು ಬಂದಿದ್ದ.

“ತಳ್ಕೊಂಡು ಹೋಗಬೇಕಾಗುತ್ತೆ ಅಂದಿದ್ದೆಯಲ್ಲ?” ಎಂದಳು ಕಿಟಕಿಯಿಂದ. “ತಳ್ಳು. ಸ್ಟ್ಯಾಂಡಿನ ಈ ತುದಿಯಿಂದ ಆ ತುದಿವರೆಗೆ.”

ದೊಡ್ಡಪ್ಪ ಕೈಯಲ್ಲಿದ್ದ ಪೇಪರು ಮಡಚಿಟ್ಟ. “ಏನಪ್ಪಾ, ಬ್ಯಾಟರಿ ಮುಗೀತಾ?”

“ಬ್ಯಾಟರಿ ತುಂಬಿದೆ ದೊಡ್ಡಪ್ಪ. ನನ್ನ ಕೊಬ್ಬು ಮುಗೀತು” ಎಂದು ಹೇಳಿ ಅವನು ಹಿಂದೆ ಹೋಗಿ ಗಾಡಿಗೆ ಭುಜ ಕೊಟ್ಟ.

ಗಾಡಿ ಇಂಚಿಂಚಾಗಿ ಸರಿಯಿತು. ಅವಳು ಕನ್ನಡಿಯಲ್ಲಿ ನೋಡುತ್ತಿದ್ದಳು. ಅವನ ಮುಖ ಕೆಂಪಾಯಿತು, ಶರ್ಟು ಬೆನ್ನಿಗೆ ಅಂಟಿತು, ಕುತ್ತಿಗೆಯ ನರ ಉಬ್ಬಿತು. ಡ್ರೈವರುಗಳು ನಕ್ಕರು. ಅವತ್ತಿನಷ್ಟೇ ಜೋರಾಗಿ ನಕ್ಕರು. ಅವಳ ಬಲಗಾಲು ಬ್ರೇಕಿನ ಮೇಲೆ ಹಗುರವಾಗಿ ಕುಳಿತೇ ಇತ್ತು. ಅರ್ಧ ದಾರಿ ಕಳೆದ ಮೇಲೆ ನಗು ತಾನಾಗಿಯೇ ಕಡಿಮೆಯಾಯಿತು, ಯಾರೋ “ಸಾಕು ಬಿಡಮ್ಮ” ಎಂದರು. ಅವಳು ಕಾಲು ತೆಗೆಯಲಿಲ್ಲ. ಕೊನೆಯ ಐದು ಹೆಜ್ಜೆ ಇದ್ದಾಗ ಕನ್ನಡಿ ಮಸುಕಾಗಿ ಕಂಡಿತು. ಆಗ ತೆಗೆದಳು.

ಅವನು ಏದುಸಿರು ಬಿಡುತ್ತ ಕಿಟಕಿಯ ಹತ್ತಿರ ಬಂದು ನಿಂತ. “ನೀನು ಬ್ರೇಕ್ ಹಿಡಿದಿದ್ದೆ.”

“ಹೂಂ. ಸ್ವಲ್ಪ.”

“ಸ್ವಲ್ಪ ಅಲ್ಲ. ಹಿಂದುಗಡೆ ಕೆಂಪು ಲೈಟು ನನ್ನ ಕಣ್ಣೆದುರಿಗೇ ಉರೀತಿತ್ತು.”

“ಗೊತ್ತಿದ್ದೂ ಯಾಕೆ ತಳ್ಳಿದೆ?”

“ನೀನು ಎರಡು ವರ್ಷ ದಿನಾ ಬಂದಿದ್ದೀಯ. ನಂದು ನೂರು ಹೆಜ್ಜೆ ಅಷ್ಟೇ ತಾನೆ?”

ಅವಳು ಪಕ್ಕದ ಬಾಗಿಲು ತೆರೆದಳು. ಅವನು ಹತ್ತಿ ಕುಳಿತ.

“ಇನ್ಮೇಲೆ ನಮ್ಮ ಬೀದಿಗೆ ಬಂದಾಗ ಒಂದು ಹಾರ್ನ್ ಹೊಡಿ” ಎಂದ.

“ಹೊಡೆಯಲ್ಲ. ನೀನೇ ಕತ್ತೆತ್ತಿ ನೋಡ್ತಾ ಇರು.”

ಮಾರನೆಯ ಬೆಳಿಗ್ಗೆ ಅವಳು ಅದೇ ನಾಲ್ಕು ಕಿಲೋಮೀಟರ್ ಸುತ್ತು ಹಾಕಿಕೊಂಡು ಸದ್ದಿಲ್ಲದೆ ಮೂಲೆ ತಿರುಗಿದಳು. ಮೂರನೆಯ ಗ್ಯಾರೇಜಿನ ಮುಂದಿನ ರಸ್ತೆಯಲ್ಲಿ ಒಂದು ಕಬ್ಬಿಣದ ಚೂರೂ ಇರಲಿಲ್ಲ, ಬೀದಿಯ ಈ ತುದಿಯವರೆಗೂ ಗುಡಿಸಲಾಗಿತ್ತು. ಅವನು ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಅವಳು ವಾಪಸ್ ಕಳಿಸಿದ್ದ ಆ ಹಳೇ ಫಿಲ್ಟರ್ ಡಬ್ಬಿ ಹಿಡಿದುಕೊಂಡು ಮೂಲೆಯ ಕಡೆಗೇ ನೋಡುತ್ತ ನಿಂತಿದ್ದ.