ಭಾನುವಾರಕ್ಕೆ ಹಚ್ಚಿದ ಬಣ್ಣ

"ಹಾಗೆ ನೋಡ್ತಾ ನಿಂತ್ರೆ ನನ್ನ ಕೈ ನಡುಗುತ್ತೆ, ಇಂದಾಯ್," ಎಂದ ಡೆಲ್ಫಿನ್, ತಿರುಗದೆಯೇ.

"ನಾನು ಗೋಡೆ ನೋಡ್ತಿದ್ದೀನಿ."

"ಗೋಡೆ ಆ ಕಡೆ ಇದೆ. ಈ ಕಡೆ ಇರೋದು ನನ್ನ ಬೆನ್ನು."

ನಕ್ಕೆ. ಅವನು ರೋಲರನ್ನು ತಟ್ಟೆಯ ಬಣ್ಣದಲ್ಲಿ ಹೊರಳಿಸಿ, ಹೆಚ್ಚಾದದ್ದನ್ನು ಅಂಚಿಗೆ ಒತ್ತಿ ಇಳಿಸಿ, ಗೋಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಒಂದೇ ಉಸಿರಿಗೆ ಎಳೆದ. ಕೆನೆಬಣ್ಣ. ಒಂದು ಪಟ್ಟೆಯ ಅಂಚು ಒಣಗುವ ಮೊದಲೇ ಮುಂದಿನದು ಅದನ್ನು ಮುಟ್ಟಬೇಕಂತೆ. ತಡವಾದರೆ ಗೆರೆ ಉಳಿದುಬಿಡುತ್ತದಂತೆ. ಸೀಲಿಂಗಿನಿಂದ ಸಿಡಿದ ಹನಿಗಳು ಅವನ ಕತ್ತಿನ ಮೇಲೆ, ಕಿವಿಯ ಹಿಂದೆ ಒಣಗಿದ್ದವು. ಉಗುರಿನಿಂದ ಒಂದೊಂದಾಗಿ ಬಿಡಿಸುವ ಆಸೆಯನ್ನು ಕೈಕಟ್ಟಿ ತಡೆದುಕೊಂಡಿದ್ದೆ.

ನಮ್ಮೂರು ಮೊಲೋದಲ್ಲಿ ಹುಡುಗಿಯನ್ನು ಬಯಸಿದವನು ಅವಳ ಮನೆಗೆ ದುಡಿಯಬೇಕು. ಅಪ್ಪನ ಕಾಲದಲ್ಲಿ ಸೌದೆ ಒಡೆದರು, ನೀರು ಹೊತ್ತರು. ಈಗ ಸೌದೆ ಯಾರಿಗೆ ಬೇಕು? "ಹಾಲ್‌ಗೆ ಬಣ್ಣ ಹಚ್ಚಿಕೊಡು, ತೋತೋ. ಭಾನುವಾರ ನೆಂಟರು ಬರ್ತಾರೆ," ಎಂದಿದ್ದಳು ಅಮ್ಮ. ಅಕ್ಕರೆಗೆ ಹುಡುಗನನ್ನು ತೋತೋ, ಹುಡುಗಿಯನ್ನು ಇಂದಾಯ್ ಎನ್ನುವುದು ನಮ್ಮಲ್ಲಿ ರೂಢಿ. ದುಡಿಮೆಯನ್ನು ಒಪ್ಪಿಕೊಂಡರೆ ಹುಡುಗನನ್ನೂ ಮುಕ್ಕಾಲು ಒಪ್ಪಿಕೊಂಡಂತೆ. ಐಸ್ ಕಾರ್ಖಾನೆಯ ಪಾಳಿ ಮುಗಿಸಿ ಅವನು ದಿನಾ ಓಡಿಬರುತ್ತಿದ್ದ.

ಆ ನೆಂಟರು ಆರ್ನೆಲ್‌ನ ಮನೆಯವರು. ಆರ್ನೆಲ್ ಹಡಗಿನಲ್ಲಿ ಎಂಜಿನಿಯರ್. ಅವನಿಗೆ ನನ್ನನ್ನು ಕೇಳಲು ಅವರು ಬರುವವರಿದ್ದರು. ನನಗದು ಮೊದಲಿನಿಂದಲೂ ಗೊತ್ತಿತ್ತು.

ಮೊದಲ ದಿನವೇ ಡೆಲ್ಫಿನ್‌ಗೆ ಹೇಳಬಹುದಿತ್ತು. ಹೇಳಿದರೆ ಅವನು ರೋಲರ್ ಕೆಳಗಿಟ್ಟು ಹೋಗಿಬಿಡುತ್ತಾನೆ. ಅಮ್ಮನಿಗೆ ಎದುರಾಡುವ ಧೈರ್ಯ ನನಗಿರಲಿಲ್ಲ. ಅವನಿಲ್ಲದ ಸಂಜೆಯನ್ನು ಕಳೆಯುವ ಧೈರ್ಯವೂ ಇರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ಹಾಗೆಯೇ ಮೂರು ಗೋಡೆ ಮುಗಿದವು.

ಬುಧವಾರ, ಕೊನೆಯ ಗೋಡೆಗೆ ಎರಡನೇ ಕೋಟ್. ಅಮ್ಮ ಅಡುಗೆಮನೆಯಿಂದಲೇ ಕೂಗಿದಳು: "ತೋತೋ, ಕಿಟಕಿ ಪಕ್ಕ ಮಚ್ಚೆ ಕಾಣ್ತಿತ್ತು! ಐಸ್ ಕಡಿಯೋ ಕೈಗೆ ಬಣ್ಣ ಎಲ್ಲಿ ಒಲಿಯುತ್ತೆ!"

"ಒಲಿಸ್ಕೊಳ್ತಿದ್ದೀನಿ ಅಮ್ಮಾ," ಎಂದು ಅವನು ನನ್ನತ್ತ ಕಣ್ಣು ಹೊಡೆದ.

ಆಮೇಲೆ ದನಿ ತಗ್ಗಿಸಿದ. "ಭಾನುವಾರ ಚರ್ಚ್ ಮುಗಿಸಿ ಹತ್ತಕ್ಕೆ ಬರ್ತೀವಿ. ಅಪ್ಪ, ಅಮ್ಮ, ಮಾತಾಡೋಕೆ ದೊಡ್ಡಪ್ಪ. ಅಮ್ಮಂಗೆ ಆಗಲೇ ನಿದ್ದೆ ಇಲ್ಲ. ಹತ್ತು ಗಂಟೆ ಸರಿನಾ?"

ಅಮ್ಮ ಹೇಳಿದ ನೆಂಟರು ತನ್ನವರೇ ಎಂದು ಅವನು ತಿಳಿದಿದ್ದ. ನಾಲ್ಕು ಪದ ಸಾಕಿತ್ತು. ಶಾಲೆಯಲ್ಲಿ ಮಕ್ಕಳಿಗೆ ಪದ ಕಲಿಸುವವಳು ನಾನು.

"ಮೂಗಿನ ಮೇಲೆ ಬಣ್ಣ ಆಗಿದೆ," ಎಂದೆ.

"ಒರೆಸು."

ಹೆಬ್ಬೆರಳಿನಿಂದ ಒರೆಸಿದೆ. ಅವನು ಕಣ್ಣು ಮುಚ್ಚಿದ. ಅದನ್ನೇ ಉತ್ತರ ಅಂದುಕೊಂಡ. ಅಂದುಕೊಳ್ಳಲಿ ಎಂದು ಬೆರಳನ್ನು ಇನ್ನಷ್ಟು ಹೊತ್ತು ಅಲ್ಲೇ ಬಿಟ್ಟೆ.

ಮೂರು ದಿನ ಫೋನಿನಲ್ಲಿ ಬರೆದೆ, ಅಳಿಸಿದೆ. ಶನಿವಾರ ಬರೆದದ್ದು ಚೆನ್ನಾಗಿಯೇ ಬಂದಿತ್ತು. ಒಂದು ಪದ ಗಡುಸಾಯಿತೆಂದು ಅದನ್ನೂ ಅಳಿಸಿದೆ.

ಭಾನುವಾರ ಒಂಬತ್ತೂವರೆಗೆ ಆರ್ನೆಲ್ ಮತ್ತು ಅವನ ಮನೆಯವರು ಬಂದು ಕೂತರು. "ಮನೆ ಎಷ್ಟು ಬೆಳಕಾಗಿದೆ!" ಎಂದರು ಅವನ ತಾಯಿ. ಅಮ್ಮ ಬೀಗಿದಳು. ನಾನು ಕಾಫಿ ಬಗ್ಗಿಸುತ್ತ ಗೇಟನ್ನೇ ನೋಡುತ್ತಿದ್ದೆ.

ಡೆಲ್ಫಿನ್‌ನ ಮನೆಯವರು ಹತ್ತಕ್ಕೆ ಸರಿಯಾಗಿ ಬಂದರು. ಅವನ ಅಪ್ಪನ ಕೈಯಲ್ಲಿ ಬಾಳೆಲೆ ಮುಚ್ಚಿದ ಶ್ಯಾವಿಗೆಯ ತಟ್ಟೆ. ಆಡಬೇಕಾದ ಮಾತನ್ನು ತುಟಿಯಲ್ಲೇ ಒಪ್ಪಿಸಿಕೊಳ್ಳುತ್ತಿದ್ದ ದೊಡ್ಡಪ್ಪ. ಕಸೂತಿಯ ಬಿಳಿ ಅಂಗಿ ತೊಟ್ಟ ಡೆಲ್ಫಿನ್ ಎಲ್ಲರಿಗಿಂತ ಮುಂದೆ ಹೊಸ್ತಿಲವರೆಗೆ ಬಂದು ನಿಂತ.

"ಯಾರಮ್ಮ ಅದು?" ಎಂದರು ಆರ್ನೆಲ್‌ನ ತಾಯಿ.

ಅಮ್ಮ ನನ್ನ ಮುಖ ನೋಡಿದಳು.

"ಬಣ್ಣ ಹಚ್ಚಿದವನು," ಎಂದೆ. ದನಿ ನಡುಗಲಿಲ್ಲ. "ಕೆಲಸ ಸರಿಯಾಗಿದೆಯಾ ನೋಡೋಕೆ ಬಂದಿದ್ದಾನೆ."

"ಇಷ್ಟು ಸಿಂಗಾರ ಮಾಡ್ಕೊಂಡಾ?" ಎಂದು ಆರ್ನೆಲ್ ನಕ್ಕ. "ಗೋಡೆನೇ ಮದುವೆಗೆ ಕೇಳೋಕೆ ಬಂದ ಹಾಗಿದಾನೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಡೆಲ್ಫಿನ್ ಕುರ್ಚಿಗಳನ್ನು ನೋಡಿದ, ಆರ್ನೆಲ್‌ನನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. ಬೆನ್ನ ಹಿಂದೆ ಅಂಗೈ ಎತ್ತಿ ತನ್ನವರನ್ನು ಗೇಟಿನಲ್ಲೇ ತಡೆದ. ಬೂಟು ಕಳಚಿ ಒಳಗೆ ಬಂದು, ಗೋಡೆಯ ಮೇಲೆ ನಿಧಾನವಾಗಿ ಕೈಯಾಡಿಸಿದ.

"ಗೋಡೆಗೆ ಒರಗಬೇಡಿ ಮೇಡಂ," ಎಂದ ಆರ್ನೆಲ್‌ನ ತಾಯಿಗೆ. "ಇನ್ನೂ ಹಸಿ ಇದೆ. ಬಟ್ಟೆಗೆ ಹತ್ತೀತು."

ಹೊರಟುಹೋದ. ಗೇಟಿನಲ್ಲಿ ತಾಯಿಯ ತೋಳು ಹಿಡಿದು ಏನೋ ಹೇಳಿದ. ನಾಲ್ವರೂ ಬಂದ ದಾರಿಗೇ ತಿರುಗಿದರು.

ಆರ್ನೆಲ್‌ನ ತಾಯಿ ಗಾಬರಿಯಿಂದ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ನೋಡಮ್ಮ ಜೊವಿತಾ, ಬೆನ್ನಿಗೆ ಹತ್ತಿದೆಯಾ?"

ಬಗ್ಗಿ ನೋಡಿದೆ. ಗೋಡೆ ಬುಧವಾರವೇ ಒಣಗಿತ್ತು.

"ಇಲ್ಲ," ಎಂದೆ. "ಏನೂ ಹತ್ತಿಲ್ಲ."