ಭಾನುವಾರ ಎಣ್ಣೆ ಹಾಕೋಣ

ಲಿಫ್ಟಿನಲ್ಲಿ ಉಪೇಂದ್ರನ ಮುಖ ಹಾಗೇಕೆ ಕೆಂಪಾಯಿತೆಂದು ಸಂಹಿತಾಗೆ ಆಗ ತಿಳಿಯಲಿಲ್ಲ. ಅವಳು ಕೇಳಿದ್ದು ಇಷ್ಟೇ.

"ಭಾನುವಾರ ಫ್ರೀ ಇದ್ದೀರಾ? ಕೆಳಗೆ ಪಾರ್ಕಿಂಗಲ್ಲಿ ಎಣ್ಣೆ ಹಾಕೋಣ. ಒಬ್ಳೇ ಆದ್ರೆ ಕಷ್ಟ."

"ಬೆಳಗ್ಗೇನಾ?" ಅವನು ಲಿಫ್ಟಿನ ಬಾಗಿಲ ಕಡೆ ನೋಡುತ್ತ ಕೇಳಿದ.

"ಬಿಸಿಲೇರೋ ಮುಂಚೆ ಮುಗಿಸಿಬಿಡೋಣ."

"ನಿಮ್ಮ ಅಮ್ಮನಿಗೆ ಗೊತ್ತಾ?"

"ಗೊತ್ತು. ಬೈತಾನೇ ಇದ್ದಾರೆ. ಬೈಲಿ ಬಿಡಿ."

ಉಪೇಂದ್ರ ತುಮಕೂರಿನ ಕಡೆಯವನು. ಮದರಾಸಿನ ಅಂಬತ್ತೂರಿನ ಗೇರ್ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿ, ವಿಲ್ಲಿವಾಕ್ಕಂನಲ್ಲಿ ಅವಳ ಎದುರು ಮನೆಗೆ ಬಾಡಿಗೆಗೆ ಬಂದಿದ್ದ. ಸಂಹಿತಾಳ ಮನೆಯವರು ಮುತ್ತಜ್ಜನ ಕಾಲದಿಂದ ಮದರಾಸಿನವರು, ನಾಮ ಹಚ್ಚುವ ವೈಷ್ಣವರು. ಮನೆಯೊಳಗಿನ ಕನ್ನಡದಲ್ಲಿ ಅರ್ಧ ತಮಿಳು. ಅವರ ಕನ್ನಡದಲ್ಲಿ ಎಣ್ಣೆಯೆಂದರೆ ಎಣ್ಣೆ, ತಲೆಗಾದರೂ ಸರಿ, ಬಾಣಲೆಗಾದರೂ ಸರಿ. ಅವನ ಊರಿನ ಹುಡುಗರು 'ಎಣ್ಣೆ ಹಾಕೋಣ' ಎಂದರೆ ಯಾವ ಅಂಗಡಿಯ ಕಡೆ ನಡೆಯುತ್ತಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಭಾನುವಾರ ಅವನು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದ. ಕೈಯಲ್ಲಿ ಮಿಕ್ಸ್ಚರ್ ಪೊಟ್ಟಣ, ಹುರಿದ ಕಡಲೆಕಾಯಿ, ಎರಡು ಸೋಡಾ. ಬಂದವನು ಕಾರಿನ ಮುಂದೆ ನಿಂತುಬಿಟ್ಟ. ಕಾರು ನಾಲ್ಕು ಸ್ಟ್ಯಾಂಡುಗಳ ಮೇಲೆ ಸಮವಾಗಿ ಕೂತಿತ್ತು. ಪಕ್ಕದಲ್ಲಿ ಟ್ರೇ, ಸ್ಪ್ಯಾನರು, ಕೈ ಪಂಪು. ಹಳೇ ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡ ಸಂಹಿತಾ ಡಬ್ಬಿಯೊಂದನ್ನು ಎತ್ತಿ ತೋರಿಸಿದಳು.

"ಗೇರ್ ಎಣ್ಣೆ. ಅದೇನು ತಿಂಡಿ ತಂದಿದ್ದೀರಿ?"

ಅವನು ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕ. ಕಣ್ಣೊರೆಸಿಕೊಳ್ಳುತ್ತ ವಿಷಯ ಹೇಳಿದ. ಸಂಹಿತಾ "ಪೆರುಮಾಳೇ" ಎಂದು ಬಾಯಿ ಮುಚ್ಚಿಕೊಂಡಳು. ಅವಳ ಕಿವಿಯವರೆಗೂ ರಂಗೇರಿತು. ಆಮೇಲೆ ಬೇರೊಂದು ಯೋಚನೆ ಬಂದು, ಓರೆಗಣ್ಣಿನಿಂದ ಅವನನ್ನು ನೋಡಿದಳು.

"ಹಾಗಂದ್ಕೊಂಡೂ ಬಂದ್ರಾ? ಬೆಳಗ್ಗೆ ಬೆಳಗ್ಗೆ?"

"ನನಗೆ ಕುಡಿಯೋ ಅಭ್ಯಾಸವೇ ಇಲ್ಲ," ಎಂದ ಅವನು, ನೆಲ ನೋಡುತ್ತ. "ಕರೆದದ್ದು ನೀವಲ್ವಾ, ಅದಕ್ಕೆ ಬಂದೆ."

ಆ ಮಾತಿಗೆ ಅವಳು ಒಳಗೊಳಗೇ ಹಿಗ್ಗಿದಳು. ಅದನ್ನು ಮುಚ್ಚಿಕೊಳ್ಳಲು ಬಡಬಡನೆ ಮಾತಾಡಿದಳು. ಕಾರು ಸೆಕೆಂಡ್ ಹ್ಯಾಂಡ್ ಆದರೂ ತನ್ನ ಸಂಬಳದಲ್ಲಿ ಕೊಂಡದ್ದು. ವರ್ಕ್‌ಶಾಪಿಗೆ ಹೋದರೆ ಅಲ್ಲಿಯವರು ಅವಳ ತಲೆಯ ಮೇಲಿಂದ ಹಿಂದೆ ನೋಡಿ, ಸಾರ್ ವರಲಿಯಾ, ಸಾರ್ ಬರಲಿಲ್ಲವಾ, ಎಂದು ಕೇಳುತ್ತಾರೆ. ಆ ಇಲ್ಲದ ಸಾರ್ ಬರುವವರೆಗೆ ಕಾಯುವ ಬದಲು ತಾನೇ ಕಲಿಯುತ್ತೇನೆಂದು ಹಟ ಹಿಡಿದಿದ್ದಳು. ಕೊನೆಗೆ, ಹೇಳಬಾರದೆಂದುಕೊಂಡದ್ದನ್ನೂ ಹೇಳಿಬಿಟ್ಟಳು. ಇವತ್ತು ಹನ್ನೊಂದಕ್ಕೆ ಅವಳನ್ನು ನೋಡಲು ಗಂಡಿನವರು ಬರುತ್ತಿದ್ದಾರೆ. ತಮ್ಮ ಮನೆಯ ಹೆಂಗಸರು ಸ್ಟೇರಿಂಗ್ ಹಿಡಿಯುವುದಿಲ್ಲ, ಮದುವೆಯಾದ ಮೇಲೆ ಕಾರು ಮಾರಿಬಿಡಲಿ ಎಂದು ಫೋನಿನಲ್ಲೇ ಹೇಳಿದ್ದಾರೆ. ಅಮ್ಮ ಕೌಸಲ್ಯಾ ಅದಕ್ಕೂ ಹೂಂ ಎಂದಿದ್ದಾರೆ. ಎತ್ತು ಏರಿಗೆ, ಕೋಣ ನೀರಿಗೆ, ಅವರ ಮನೆಯಲ್ಲಿ ಈಗ ಅದೇ ಕತೆ.

"ನಾನು ಮೇಲೆ ಬರಲ್ಲ ಅಂತ ಹೇಳಿದ್ದೀನಿ. ಅಮ್ಮ ಚುಮ್ಮಾ ಬಾಯಿ ಮಾತು ಅಂದ್ಕೊಂಡಿದ್ದಾರೆ."

ಉಪೇಂದ್ರನ ಮುಖದ ನಗು ಇಳಿದುಹೋಯಿತು. ಏನಾದರೂ ಹೇಳಲಿ ಎಂದು ಅವಳು ಕಾದಳು. ಅವನು ಮಾತಿನ ಬದಲು ಸ್ಪ್ಯಾನರ್ ಎತ್ತಿಕೊಂಡು ಕಾರಿನಡಿ ನುಗ್ಗಿದ. ಅವಳಿಗೆ ಸಿಟ್ಟು ಬಂತು. ಸೀಮೆಯಲ್ಲಿಲ್ಲದ ಮೌನಿ.

ಮರುಕ್ಷಣ ಟ್ರೇಗೆ ಕಪ್ಪು ಎಣ್ಣೆ ಸುರಿಯುವ ಸದ್ದು ಕೇಳಿಸಿತು.

"ಅಯ್ಯೋ, ಕೆಳಗಿನ ಬೋಲ್ಟ್ ಬಿಚ್ಚಿಬಿಟ್ರಾ? ಮೊದಲು ಪಕ್ಕದ್ದು ಬಿಚ್ಚಬೇಕು. ತುಂಬೋ ಬಾಯಿ ತೆರೆಯುತ್ತೋ ಇಲ್ವೋ ನೋಡದೆ ಯಾರಾದ್ರೂ ಖಾಲಿ ಮಾಡ್ತಾರಾ?"

ಪಕ್ಕದ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದು ಬಿಚ್ಚದಿದ್ದರೆ ಹೊಸ ಎಣ್ಣೆ ಒಳಗೆ ಹೋಗದು, ಕಾರು ಅಲ್ಲಿಂದ ಅಲುಗದು. ಗೇರ್ ಫ್ಯಾಕ್ಟರಿಯಲ್ಲಿ ಅವನ ಕೆಲಸ ಏನೆಂದು ಅವಳು ಕೇಳಿದಳು. ಪರ್ಚೇಸ್, ಸಾಮಾನು ಕೊಳ್ಳುವ ವಿಭಾಗ ಎಂದ, ತಪ್ಪೊಪ್ಪಿದವನಂತೆ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ಗೊಣಗಿಕೊಂಡು ಅವಳೂ ಕಾರಿನಡಿ ತೂರಿದಳು.

ಇಬ್ಬರೂ ಅಂಗಾತ ಮಲಗಿ ಒಂದೇ ಸ್ಪ್ಯಾನರನ್ನು ಹಿಡಿದರು. ಅವಳ ಕೈಯ ಮೇಲೆ ಅವನ ಕೈ. ಎಳೆದರು, ಜಾರಿತು, ಮತ್ತೆ ಎಳೆದರು. ಅವನ ಕೆನ್ನೆಯ ಬೆವರು ಅವಳ ಕಣ್ಣಿಗೆ ಇಷ್ಟು ಹತ್ತಿರ ಎಂದೂ ಬಂದಿರಲಿಲ್ಲ. ಅವನು ಅವಳ ಕಡೆ ನೋಡಿದ. ನೋಡಿ, ನೋಟ ತೆಗೆಯಲಿಲ್ಲ.

"ಬೋಲ್ಟ್ ನೋಡಿ," ಎಂದಳು ಮೆಲ್ಲಗೆ.

ಬೋಲ್ಟು ಕಿರ್ರೆಂದು ಬಿಟ್ಟುಕೊಟ್ಟಿತು. ಇಬ್ಬರ ಕೈಯೂ ಸ್ಪ್ಯಾನರಿನ ಮೇಲೆಯೇ ಒಂದಿಷ್ಟು ಹೊತ್ತು ಉಳಿಯಿತು.

ಕೆಳಗಿನ ಬೋಲ್ಟನ್ನು ಭದ್ರವಾಗಿ ಮುಚ್ಚಿ, ಅವಳು ಹೊರಗೆ ಬಂದು ಪಂಪಿನ ಮುಂದೆ ಕುಳಿತಳು. ಅವನು ಒಳಗೆ ಪೈಪು ಹಿಡಿದು ಮಲಗಿದ. ಪಕ್ಕದ ಬೋಲ್ಟಿನ ತೂತಿನಿಂದ ಎಣ್ಣೆ ಆಚೆ ತುಳುಕುವವರೆಗೆ ತುಂಬಬೇಕು, ತುಳುಕಿದಾಗ ಹೇಳಿ ಎಂದಿದ್ದಳು.

ಆಗಲೇ ಗಂಡಿನವರು ಬಂದದ್ದು. ಅವರನ್ನು ಎದುರುಗೊಳ್ಳಲು ಅಮ್ಮ ಕೆಳಗಿಳಿದು ಬಂದರು. ಹುಡುಗನ ತಾಯಿ ರೇಷ್ಮೆ ಸೀರೆ ಸರಿಪಡಿಸಿಕೊಳ್ಳುತ್ತ, ನಿಮ್ಮ ಮಗಳು ಎಲ್ಲಿ ಎಂದು ಕೇಳಿದರು. ಅಮ್ಮ ಕಾರಿನ ಕಡೆ ನೋಡಿದರು. ಮೊಣಕೈವರೆಗೆ ಎಣ್ಣೆಯಾಗಿದ್ದ ಸಂಹಿತಾ ಅಲ್ಲಿಂದಲೇ ನಮಸ್ಕಾರ ಎಂದಳು, ಪಂಪು ನಿಲ್ಲಿಸಲಿಲ್ಲ. ಇದಕ್ಕೆಲ್ಲ ಆಳುಗಳಿದ್ದಾರಲ್ಲ ಎಂದು ಹುಡುಗ ನಕ್ಕ. ಕೈ ತೊಳೆದು ಬರಲಿ, ಕಾಯುತ್ತೇವೆ ಎಂದರು ಅವನ ತಾಯಿ. ಎದ್ದು ಹೋದರೆ ಮೇಲೆ ಕಾಫಿ, ತಾಂಬೂಲ, ನಾಳೆಗೆ ಮುಹೂರ್ತ. ಸಂಹಿತಾಗೆ ಅದು ಚೆನ್ನಾಗಿ ಗೊತ್ತಿತ್ತು. ಅವಳು ಏಳಲಿಲ್ಲ.

ಅಮ್ಮ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದರು. "ತುಂಬಿದ ಕೊಡ ತುಳುಕೋದಿಲ್ಲ ಸಂಹಿ. ಒಳ್ಳೇ ಮನೆತನದ ಹುಡುಗಿ ನೀನು. ನಾಲ್ಕು ಜನರ ಎದುರಿಗೆ ಹೀಗಾಡಬೇಡ."

ಕಾರಿನಡಿಯಿಂದ ಗಂಡಸಿನ ಧ್ವನಿಯೊಂದು ಬಂತು. "ತುಳುಕ್ತು."

ಎಲ್ಲರೂ ಬೆಚ್ಚಿದರು. ಸಂಹಿತಾ ಎದ್ದು ನಿಂತಳು.

"ಅದು ಕೊಡಕ್ಕೆ ಅಮ್ಮ. ಇದು ತುಳುಕಿದ್ರೇನೇ ತುಂಬಿದೆ ಅಂತ ಗೊತ್ತಾಗೋದು. ನನ್ನ ಮನಸ್ಸೂ ತುಂಬಿದೆ. ಇನ್ನು ಮುಚ್ಚಿಡೋಕೆ ಆಗಲ್ಲ." ಅವಳು ಹುಡುಗನ ತಾಯಿಯ ಕಡೆ ತಿರುಗಿದಳು. "ನನ್ನ ಕಾರು ನಾನು ಮಾರಲ್ಲ. ಮದುವೆ ಅಂತ ಆದ್ರೆ ಈ ಕೆಳಗೆ ಮಲಗಿರೋರನ್ನೇ ಆಗ್ತೀನಿ. ಅವರನ್ನ ಇನ್ನೂ ಕೇಳಿಲ್ಲ, ಅಷ್ಟೇ."

"ತಾಳಿ," ಎಂದಿತು ಕಾರಿನಡಿಯ ಧ್ವನಿ. "ಬೋಲ್ಟ್ ಮುಚ್ಚಿ ಬರ್ತೀನಿ."

ಉಪೇಂದ್ರ ಹಣೆಗೆಲ್ಲ ಎಣ್ಣೆ ಬಳಿದುಕೊಂಡು ಹೊರಬಂದ. ಇಸ್ತ್ರಿ ಶರ್ಟು ಹಾಳಾಗಿತ್ತು. ಅವನು ಬೇರೆ ಯಾರನ್ನೂ ನೋಡದೆ ಕೌಸಲ್ಯಾ ಅವರ ಮುಂದೆ ನಿಂತ.

"ನಾವು ನಿಮ್ಮ ಜಾತಿಯವರಲ್ಲಮ್ಮ. ನಮ್ಮನೇಲಿ ಮಾಂಸ ಮಾಡ್ತಾರೆ. ಮುಚ್ಚಿಟ್ಟು ಕೇಳ್ತಿಲ್ಲ. ನಿಮ್ಮ ಮಗಳಂದ್ರೆ ನನಗೆ ಪ್ರಾಣ. ಇದನ್ನ ಮುಂಚೇನೇ ಹೇಳದೆ ಇದ್ದದ್ದು ನನ್ನ ಹೇಡಿತನ."

ಗಂಡಿನವರು ಕಾಫಿ ಕುಡಿಯಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅವರ ಕಾರು ಗೇಟು ದಾಟುವವರೆಗೂ ಅಮ್ಮ ಕಲ್ಲಿನಂತೆ ನಿಂತಿದ್ದರು. ಆಮೇಲೆ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ಮೆಟ್ಟಿಲು ಹತ್ತಿ ಹೋದರು. ಮೇಲೆ ಬಾಗಿಲು ಬಡಿದ ಸದ್ದಾಯಿತು.

ಸಂಹಿತಾಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಎತ್ತಿದಳು. ಎಣ್ಣೆ ಕೈ ಎಂದು ಉಪೇಂದ್ರ ಅದನ್ನು ಹಿಡಿದು ತಡೆದ. ಹಿಡಿದದ್ದನ್ನು ಬಿಡಲಿಲ್ಲ.

"ಅವರು ಒಪ್ಪದಿದ್ರೆ?" ಎಂದು ಕೇಳಿದ.

"ಒಪ್ಪದಿದ್ರೆ ಎದುರು ಮನೆಗೆ ಬಂದ್ಬಿಡ್ತೀನಿ. ದಿನಾ ಬಾಗಿಲು ತೆಗೆದಾಗ ಅಮ್ಮ ನಿನ್ನ ಮುಖಾನೇ ನೋಡಬೇಕು. ಎಷ್ಟು ದಿನ ಅಂತ ಮುನಿಸ್ಕೋತಾರೆ?"

ಅವಳು ಮೊದಲ ಸಲ ನೀನು ಎಂದಿದ್ದಳು. ಅವನು ಅದನ್ನು ಗಮನಿಸಿದನೆಂದು ಅವಳಿಗೂ ತಿಳಿಯಿತು. ಇಬ್ಬರೂ ಸೇರಿ ಕಾರನ್ನು ನೆಲಕ್ಕಿಳಿಸಿದರು. ಅವಳು ಸ್ಟೇರಿಂಗ್ ಮುಂದೆ ಕುಳಿತು, ಅವನಿಗಾಗಿ ಪಕ್ಕದ ಬಾಗಿಲು ತೆರೆದಳು.