ಮಗ್ಗದ ಕುಣಿಯೊಳಗಿನ ಜೇನು

"ಅಲಗಾಡಬ್ಯಾಡ್ರಿ... ಉಸುರು ಸೈತ ಸಣ್ಣಗ ಬಿಡ್ರಿ!"

ಜೇನು ಕೊಳ್ಳಲು ಸಾವಳಗಿಯ ಸೂರ್ಯಕಾಂತಿ ಹೊಲಕ್ಕೆ ಬಂದ ಪೂರ್ಣಿಮಾ, ಜೇನು ಸಾಕುವ ಯಲ್ಲಾಲಿಂಗನಿಂದ ಕೇಳಿದ ಮೊದಲ ಮಾತು ಅದು. ಅವಳ ದುಪಟ್ಟಾದ ಮೇಲೆ ಹತ್ತಾರು ಜೇನುಹುಳ ಕೂತಿದ್ದವು. ಎದೆ ಡವಡವ!

ಅವನು ದುಪಟ್ಟಾವನ್ನು ಮೆಲ್ಲಗೆ ತೆಗೆದು ಹೂವಿನ ಮೇಲೆ ಹಾಸಿದ. ಹುಳಗಳು ತಮ್ಮ ಪಾಡಿಗೆ ಹಾರಿಹೋದವು. ಅವಳ ಎದೆಬಡಿತ ಮಾತ್ರ ನಿಲ್ಲಲಿಲ್ಲ. ಈಗ ಅದಕ್ಕೆ ಬೇರೆಯೇ ಕಾರಣವಿತ್ತು ಅನ್ನಿ!

"ಎಂಥಾ ಜೇನು ಬೇಕ್ರಿ?"

"ಕಾಯಿಸಿರಬಾರ್ದು. ಒಂದ ಜಾತಿ ಹೂವಿಂದಿರಬೇಕು. ಹುಳಾ ಮ್ಯಾಣ ಮುಚ್ಚಿದ ಗೂಡಿನ ಎರಿಯಿಂದ ತಗದದ್ದ ಬೇಕು."

"ಇಷ್ಟು ನೋಡಿ ಹೆಣ್ಣೂ ತರಂಗಿಲ್ಲ ಬಿಡ್ರಿ! ಅದರಿಂದ ಏನ್ ಮಾಡಾವ್ರು?"

ಅವಳು ಆಚೀಚೆ ನೋಡಿ ಪಿಸುಗುಟ್ಟಿದಳು. "ಜೇನಿನ ಶೆರೆ."

ಬಿ.ಎಸ್ಸಿಯಲ್ಲಿ ಹುದುಗಿನ ಪಾಠ ಓದಿದಾಗಿನಿಂದ ಜೇನಿನಿಂದ ಮದ್ಯ ತಯಾರಿಸುವುದು ಅವಳಿಗೊಂದು ಹುಚ್ಚು. ಜೇನು, ನೀರು, ಚಿಟಿಕೆ ಈಸ್ಟ್, ತಾಳ್ಮೆ... ಇಷ್ಟೇ ಸಾಕು. ಆದರೆ ಬನಹಟ್ಟಿಯ ಮನೆಯಲ್ಲಿ ಅವ್ವ ಭಾಗವ್ವ ಲಿಂಗಪೂಜೆಯಾಗದೆ ಹನಿ ನೀರೂ ಮುಟ್ಟುವವಳಲ್ಲ. ಹಾಗಾಗಿ ಯಲ್ಲಾಲಿಂಗನ ಜೇನು ತುಂಬಿದ ಗಾಜಿನ ಜಾಡಿ ಹೋಗಿ ಅಡಗಿದ್ದು ಹಳೆಯ ಕೈಮಗ್ಗದ ಕುಣಿಯಲ್ಲಿ. ನೇಯುವವರು ಕಾಲು ಇಳಿಬಿಡುವ ಆ ತಗ್ಗು ತಣ್ಣಗೆ, ಕತ್ತಲು. ಮೊಣಕಾಲು ನೋವೆಂದು ಅವ್ವ ಎರಡು ವರ್ಷದಿಂದ ಮಗ್ಗಕ್ಕೆ ಕೂತಿರಲಿಲ್ಲ.

ಜಾಡಿಯಲ್ಲಿ ಗುಳ್ಳೆ ಏಳುತ್ತಿವೆಯೇ ಎಂದು ಕೇಳಲು ಯಲ್ಲಾಲಿಂಗನಿಂದ ದಿನಾ ಫೋನು. ಗುಳ್ಳೆಯ ಮಾತು ಎರಡು ನಿಮಿಷ, ಉಳಿದ ಮಾತು ಒಂದು ತಾಸು!

ಒಂದು ದಿನ ಜಾಡಿ ಮೂಸಿದರೆ... ಹೂವಿನ ಕಂಪಿಲ್ಲ. ಅಪ್ಪಟ ಬೆಲ್ಲದ ವಾಸನೆ!

"ಬೆಲ್ಲದ ಪಾಕ ಕಲಸಿ ಕೊಟ್ಟೀರಿ! ಮೋಸಗಾರ!"

ಫೋನಿನಲ್ಲಿ ಕೂಗಿ, ಅವನ ನಂಬರ್ ಬ್ಲಾಕ್ ಮಾಡಿ, ದಿಂಬು ತೋಯುವಷ್ಟು ಅತ್ತಳು. ಆ ಹೊತ್ತಿಗೆ ಗುಳ್ಳೆಗಳೂ ನಿಂತಿದ್ದವು. ವಾಸನೆ ಅವ್ವನ ಮೂಗಿಗೆ ಬಿದ್ದೀತೆಂದು ಹೆದರಿ, ಜಾಡಿಯ ಮುಚ್ಚಳವನ್ನು ಶಕ್ತಿಯೆಲ್ಲ ಹಾಕಿ ಬಿಗಿದಳು.

ಹನ್ನೆರಡು ದಿನ ಕಳೆದವು. ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆರೆದರೆ ಯಲ್ಲಾಲಿಂಗ! ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಜೇನಿನ ಬಾಟಲಿ.

"ಯಾಕ ಬಂದ್ರಿ? ಅವ್ವ ನೋಡಿದ್ರ..."

"ಒಂದ ಮಾತು ಹೇಳಿ ಹೋಗ್ತೇನ್ರಿ. ನಾ ಏನೂ ಕಲಸಿಲ್ಲ. ನಮ್ಮ ಪೆಟ್ಟಿಗಿ ಬಾಜೂಕ ಬೆಲ್ಲದ ಗಾಣ ಚಾಲೂ ಆಗಿತ್ತು. ಹುಳಾ ಹೂವು ಬಿಟ್ಟು ಕಬ್ಬಿನ ಹಾಲು ಕುಡದಾವು. ನಾ ನೋಡ್ಲಿಲ್ಲ, ತಪ್ಪು ನಂದ. ಪೆಟ್ಟಿಗಿ ಎಲ್ಲಾ ಚಿಮ್ಮಡದ ಕಡೆ ಸಾಗಿಸೇನಿ. ಇದು ಖರೆ ಹೂವಿನ ಜೇನು."

ಅಯ್ಯೋ... ಹುಳ ಮಾಡಿದ ಕೆಲಸಕ್ಕೆ ಇವನನ್ನು ಏನೆಲ್ಲ ಅಂದುಬಿಟ್ಟೆನಲ್ಲ! ಪೂರ್ಣಿಮಾಳ ಕಣ್ಣು ತುಂಬಿ ಬಂತು.

"ಜಾಡಿ ಹೆಂಗೈತ್ರಿ?"

"ಗುಳ್ಳಿ ನಿಂತಾವು. ಬಿಗಿ ಮುಚ್ಚೇನಿ."

ಅವನ ಮುಖ ಕಳೆಗುಂದಿತು. "ಥಂಡಿಗಿ ನಿಂತಿರ್ತಾವ್ರಿ! ಈಗ ಬಿಸಲು ಏರೇತಿ, ಮತ್ತ ಹುದುಗು ಏಳತೈತಿ. ನಮ್ಮ ಹಸಿ ಜೇನಿನ ಬಾಟ್ಲಿ ಹಿಂಗ ಸಿಡದಿತ್ತು. ಎಲ್ಲೈತಿ ಜಾಡಿ?"

ಉತ್ತರ ಒಳಗಿನಿಂದ ಬಂತು. ಟಕ್... ಟಕ್... ಟಕ್...

ಮಗ್ಗದ ಸದ್ದು! ಎರಡು ವರ್ಷ ಬಿಟ್ಟು ಅವ್ವ ಇವತ್ತೇ ಮಗ್ಗಕ್ಕೆ ಕೂತಿದ್ದಾಳೆ!

"ಜಾಡಿ ಅದ ಕುಣ್ಯಾಗ ಐತ್ರಿ!" ಎಂದಳು ಪೂರ್ಣಿಮಾ. ಇಬ್ಬರೂ ಓಡಿದರು. ಕುಣಿಯಲ್ಲಿ ಅವ್ವನ ಪಾದಕ್ಕೂ ಜಾಡಿಗೂ ಒಂದು ಗೇಣು ಅಂತರ. ತಗಡಿನ ಮುಚ್ಚಳ ಉಬ್ಬಿ ನಿಂತಿತ್ತು.

"ಅವ್ವಾ, ಅಲಗಾಡಬ್ಯಾಡ! ಉಸುರು ಸೈತ ಸಣ್ಣಗ ಬಿಡು!"

"ಯಾಕ? ಹಾವೈತೇನು?"

"ಹಾವಲ್ಲ ಬೇ... ನಾ ಮಾಡಿದ ಪಾಪ ಐತಿ."

ಯಲ್ಲಾಲಿಂಗ ನೆಲಕ್ಕೆ ಬೋರಲಾಗಿ ಮಲಗಿ, ಕುಣಿಯೊಳಗೆ ಕೈ ಚಾಚಿ ಕಂಬಳಿಯನ್ನು ಜಾಡಿಯ ಸುತ್ತ ಹೊದಿಸಿ ಒತ್ತಿ ಹಿಡಿದ. "ಅವ್ವಾರ, ಸಾವಕಾಶ ಕಾಲು ಮ್ಯಾಲ ತಗೋರಿ."

ಭಾಗವ್ವ ನೋವು ನುಂಗಿಕೊಂಡು ಒಂದು ಕಾಲು ಎತ್ತಿದಳು. ಎಷ್ಟು ನಿಧಾನ! ಇನ್ನೊಂದು ಕಾಲು ಮೇಲೆ ಬಂತು. ಪೂರ್ಣಿಮಾ ಅವ್ವನನ್ನು ಹಿಂದಕ್ಕೆ ಎಳೆದುಕೊಂಡಳು.

ಢಬ್!

ಮನೆಯೆಲ್ಲ ಶೆರೆಯ ವಾಸನೆ. ಯಲ್ಲಾಲಿಂಗ ಮಲಗಿದಲ್ಲಿಂದ ಏಳಲಿಲ್ಲ.

"ಕೈ... ನಿಮ್ಮ ಕೈ?" ಅವಳು ಅವನ ಪಕ್ಕಕ್ಕೆ ಬಂದು ಕೂತಳು.

ಅವನು ಮೆಲ್ಲಗೆ ಎದ್ದು ಕೈ ಚಾಚಿದ. "ಐದೂ ಬೆರಳು ಅದಾವು. ಎಣಿಸ್ರಿ."

ಅವಳು ನಿಜವಾಗಿಯೂ ಎಣಿಸಿದಳು. ಒಂದೊಂದೇ ಬೆರಳು ಮುಟ್ಟಿ, ಅಳುತ್ತಾ, ಅವ್ವನೆದುರೇ!

ಭಾಗವ್ವ ಕಂಬಳಿಗೆ ಚುಚ್ಚಿದ್ದ ಗಾಜಿನ ಚೂರು ನೋಡಿದಳು. ತನ್ನ ಕಾಲು ನೋಡಿದಳು. ಆಮೇಲೆ ಮಗಳ ಕೈಯಲ್ಲಿದ್ದ ಆ ಕೈ ನೋಡಿದಳು.

"ಶೆರೆ ಮಾಡಿದ್ದಕ್ಕ ಆಮ್ಯಾಲ ಬೈತೀನಿ. ನನ್ನಿಂದ ಮುಚ್ಚಿಟ್ಟೆಲ್ಲ, ಅದಕ್ಕ ಈಗ ಬೈತೀನಿ. ಇವನನ್ನೂ ಮುಚ್ಚಿಟ್ಟೀಯೇನು?"

ಪೂರ್ಣಿಮಾ ತಲೆ ತಗ್ಗಿಸಿದಳು. ಇನ್ನು ಹೆದರಿ ಏನು ಪ್ರಯೋಜನ?

"ಹೂಂ ಬೇ. ಇವ್ರನ್ನೂ ಮುಚ್ಚಿಟ್ಟಿದ್ದೆ."

"ಚಾ ಇಡ್ತೀನಿ. ಕುಡದು ಎಲ್ಲಾ ಹೇಳ್ರಿ," ಎಂದು ಭಾಗವ್ವ ಗೋಡೆ ಹಿಡಿದು ಒಳಗೆ ನಡೆದಳು.

ಇಬ್ಬರೂ ಗಾಜು ಆರಿಸಿ, ಕಂಬಳಿ ಹಿಂಡಿ ಅಂಗಳದಲ್ಲಿ ಹರವಿದರು.

"ಹೆದರಿಕಿ ಹೋತೇನ್ರಿ?" ಅವನು ಕೇಳಿದ.

"ಇಲ್ಲ. ಇನ್ನೂ ಐತಿ."

"ಮತ್ಯಾತರದು?"

"ನೀ... ಹೊಂಟ್ ಹೋದೀಯೇನೋ ಅಂತ."

'ನೀವು' ಹೋಗಿ 'ನೀ' ಬಂದದ್ದಕ್ಕೆ ಅವನು ನಕ್ಕ. "ಕಂಬಳಿ ಆರೂ ತನಕ ಎಲ್ಲಿಗೂ ಹೋಗಂಗಿಲ್ಲ."

"ಹಂಗಾರ ದಿನಾ ತೋಯಿಸ್ತೀನಿ!"